ಇಲ್ಲದ ಶಿಖರದ ಚಿತ್ರ

ಹಳೆಯ ಅಚ್ಚುಚಿತ್ರಗಳ ಸುತ್ತಲಿನ ಖಾಲಿ ಅಂಚಿನ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದರ ಸಾರ ಇಷ್ಟೇ: ಅಚ್ಚಿನ ತಗಡು ಕಾಗದದ ಮೇಲೆ ಒತ್ತಿದ ಗುರುತಿನ ಒಳಗೆ ಕತ್ತರಿ ಆಡಿದ್ದರೆ ಬೆಲೆ ಇಳಿಸಿ ಕೇಳಿ. ಉಳಿದ ಜಾಗವೆಲ್ಲ ಎಚ್ಚಿಂಗ್ ಕಲಾವಿದ ವೆನ್ಸೆಸ್ಲಾಸ್ ಹೊಲ್ಲಾರನಿಗೆ.

ಪ್ರಾಗ್‌ನಲ್ಲಿ 1607ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬಡವನಾಗಿಯೇ ತೀರಿಕೊಂಡವನು. ಗಂಟೆಗೆ ನಾಲ್ಕು ಪೆನ್ನಿ ಕೂಲಿ, ಎದುರಿಗೆ ಮರಳು ಗಡಿಯಾರ. ಯಾರಾದರೂ ಮಾತಿಗೆ ಬಂದರೆ ಅದನ್ನು ಅಡ್ಡ ಮಲಗಿಸುತ್ತಿದ್ದನಂತೆ, ಹರಟೆಯ ಹೊತ್ತು ಲೆಕ್ಕಕ್ಕೆ ಸೇರಬಾರದೆಂದು! ವಿಲಿಯಂ ಡಗ್‌ಡೇಲ್ 1658ರಲ್ಲಿ ತಂದ ಸೇಂಟ್ ಪಾಲ್ಸ್ ಚರಿತ್ರೆಗೆ ಹಳೆಯ ಗಾಥಿಕ್ ಕೆಥೆಡ್ರಲ್ಲಿನ ಎಚ್ಚಿಂಗ್‌ಗಳನ್ನು ಮಾಡಿಕೊಟ್ಟದ್ದು ಇವನೇ. ಎಂಟು ವರ್ಷಕ್ಕೆ ಕಟ್ಟಡ ಲಂಡನ್ನಿನ ಮಹಾ ಬೆಂಕಿಗೆ ಆಹುತಿಯಾಯಿತು. ಈಗ ನಿಂತಿರುವ ಗುಮ್ಮಟ ಕ್ರಿಸ್ಟೊಫರ್ ರೆನ್‌ನದು.

ಒಳಾಂಗಣದ ಹಾಳೆ ಸಿಕ್ಕರೆ ಭೂತಗನ್ನಡಿಯನ್ನು ನೇರವಾಗಿ ಕಮಾನುಗಳ ನೆರಳಿಗೆ ಹಿಡಿಯಿರಿ. ಮೊದಲ ಅಚ್ಚುಗಳಲ್ಲಿ ಅಡ್ಡಡ್ಡ ಹೆಣೆದ ಗೆರೆಗಳು ಒಂದಕ್ಕೊಂದು ಅಂಟದೆ ಕಪ್ಪಗೆ ನಿಲ್ಲುತ್ತವೆ, ನಡುವೆ ಬೆಳಕು ಉಸಿರಾಡುತ್ತದೆ. ತಗಡು ಸವೆದಂತೆ ಆಳವಿಲ್ಲದ ಗೆರೆ ಶಾಯಿ ಹಿಡಿಯುವುದಿಲ್ಲ. ನೆರಳೆಲ್ಲ ಬೂದಿ ಬಳಿದಂತೆ. ಅವೇ ತಗಡುಗಳನ್ನು 1716ರ ಆವೃತ್ತಿಗೂ ಬಳಸಿದರು. 1818ರ ಆವೃತ್ತಿಯವು ಹೊಸದಾಗಿ ಕೊರೆದ ನಕಲುಗಳು. ಅವನ್ನು ಹೊಲ್ಲಾರನ ಬೆಲೆಗೆ ಕೊಳ್ಳಬೇಡಿ.

ಇನ್ನು ಬಿಳುಪು ಪಂಥದವರು. ಹಾಳೆ ಹಳದಿಯಾಗಿದೆಯೆಂದು ಬ್ಲೀಚಿನಲ್ಲಿ ಅದ್ದಿ ಮದುವಣಗಿತ್ತಿಯಂತೆ ಹೊಳಪಿಸಿ ಮಾರುವ ಈ ಜನರ ಮೇಲೆ ನನಗೆ ಹಳೆಯ ಸಿಟ್ಟು. ಆ ಕಾಲದ ಕಾಗದ ಚಿಂದಿ ಬಟ್ಟೆಯ ನಾರಿನದು, ಗಟ್ಟಿ. ಅದನ್ನು ಎಷ್ಟೋ ಸಲ ಕೆಡಿಸಿದ್ದು ವಯಸ್ಸಲ್ಲ, ಬೆನ್ನಿಗೂ ಮುಂದಿನ ಮೌಂಟಿಗೂ ಹಾಕಿದ ಅಗ್ಗದ ರಟ್ಟು. ಮೌಂಟಿನ ಕಿಂಡಿಯ ಅಂಚಿಗೆ ಸರಿಯಾಗಿ ಕಂದು ಗೆರೆ ಬಿದ್ದಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ರಟ್ಟು ಬದಲಿಸಿ, ನಾರನ್ನು ಸುಡಬೇಡಿ. ಹತ್ತಿಯ ರಟ್ಟು, ಮೇಲಂಚಿಗೆ ಮಾತ್ರ ಜಪಾನಿ ಕಾಗದದ ಎರಡು ಪಟ್ಟಿ, ಗೋಧಿ ಪಿಷ್ಟದ ಅಂಟು. ಸೆಲ್ಲೊಟೇಪಿನ ಹೆಸರೆತ್ತಬೇಡಿ. ಗಾಜು ಹಾಳೆಗೆ ತಾಗಬಾರದು. ಮಂಗಳೂರಿನ ಮಳೆಗಾಲದಲ್ಲಿ ಹೊರಗೋಡೆಗೆ ನೇತುಹಾಕುವುದಂತೂ ಬೂಸ್ಟನ್ನು ಕರೆದು ಊಟ ಹಾಕಿದಂತೆ.

ಹೊಲ್ಲಾರನ ಒಂದು ಹಾಳೆಯಲ್ಲಿ ಕೆಥೆಡ್ರಲ್ಲಿನ ನೆತ್ತಿಯ ಮೇಲೆ ಭರ್ಜರಿ ಶಿಖರವಿದೆ. ಆ ಶಿಖರ 1561ರಲ್ಲೇ ಸಿಡಿಲಿಗೆ ಸುಟ್ಟುಹೋಗಿತ್ತು, ಅವನು ಹುಟ್ಟುವ ಮೊದಲು. ಮೋಸವಲ್ಲ. ಶಿಖರ ಸಿಡಿಲಿಗೆ ಸುಡುವ ಮುಂಚೆ ಹೀಗಿತ್ತು ಎಂದು ಲ್ಯಾಟಿನ್‌ನಲ್ಲಿ ತಗಡಿನ ಮೇಲೇ ಬರೆದಿದ್ದಾನೆ. ಇದನ್ನು ‘ಕಣ್ಣಾರೆ ಕಂಡು ಬರೆದದ್ದು’ ಎಂದು ಬೆಲೆ ಏರಿಸುವ ವ್ಯಾಪಾರಿ ಸಿಕ್ಕರೆ ಆ ಸಾಲನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಚೌಕಾಸಿಗೆ ಕೂರಿ.