‘ಪಟ್ಟಮಹಾದೇವಿ ಶಾಂತಲದೇವಿ’ಯಲ್ಲಿ ಧರ್ಮನಿರೂಪಣೆ

ಚಳ್ಳಕೆರೆಯಲ್ಲಿ 1915ರಲ್ಲಿ ಜನಿಸಿದ ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಯು ಕನ್ನಡದ ಚಾರಿತ್ರಿಕ ಕಾದಂಬರಿಗಳಲ್ಲಿ ಗಾತ್ರದಿಂದಲೂ ಶಾಸನವ್ಯಾಸಂಗದಿಂದಲೂ ಗಣ್ಯವಾದುದು. ಭಾರತೀಯ ಜ್ಞಾನಪೀಠದ ಮೂರ್ತಿದೇವೀ ಪ್ರಶಸ್ತಿಯು 1983ರಲ್ಲಿ ಮೊತ್ತಮೊದಲು ಈ ಕೃತಿಗೇ ಸಂದಿತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯು ಪ್ರಾಚೀನ ನೊಳಂಬವಾಡಿಗೆ ಸೇರಿದುದು. ಆ ನಾಡನ್ನು ಜಯಿಸಿ ಶಾಂತಲೆಯ ಪತಿ ವಿಷ್ಣುವರ್ಧನನು ‘ನೊಳಂಬವಾಡಿಗೊಂಡ’ನೆಂಬ ಬಿರುದನ್ನು ಧರಿಸಿದನು. ಮೊಳಕಾಲ್ಮೂರಿನ ಜಟಿಂಗರಾಮೇಶ್ವರವೆಂಬ ಒಂದೇ ಬೆಟ್ಟದ ಮೇಲೆ ಅಶೋಕನ ಧರ್ಮಲಿಪಿಯೂ ಶಿವಾಲಯವೂ ಇವೆ. ಇಂತಹ ಸೀಮೆಯ ಗ್ರಂಥಕರ್ತರು ಮತಸಾಮರಸ್ಯವನ್ನೇ ಕಥೆಯ ಜೀವನಾಡಿಯಾಗಿ ಹಿಡಿದುದು ಉಚಿತವಾಗಿಯೇ ಇದೆ. ಆದರೆ ರಾಣಿಯಲ್ಲಿ ಆ ಸಾಮರಸ್ಯವು ಯಾವ ಮೂಲದಿಂದ ಹುಟ್ಟಿತೆಂಬುದು ವಿಚಾರಣೀಯವಾದ ಅಂಶ.

ಕಾದಂಬರಿಯು ಇದಕ್ಕೆ ಕೊಡುವ ಸಮಾಧಾನವು ಮನೆತನದ ಸಂಸ್ಕಾರ. ತಂದೆ ಪೆರ್ಗಡೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆಯು ಜೈನಳು. ಇಬ್ಬರ ಮಧ್ಯೆ ಬೆಳೆದ ಕನ್ಯೆಗೆ ಭೇದಬುದ್ಧಿಯು ಅಂಟಲಿಲ್ಲವೆಂಬುದು ಅಭಿಪ್ರಾಯ. ತಂದೆತಾಯಿಗಳ ಮತಗಳು ಶಾಸನಸಿದ್ಧವಾಗಿರುವುದರಿಂದ ಈ ಕಲ್ಪನೆಗೆ ಆಧಾರವುಂಟು. ಬಾಲ್ಯದ ಭಾಗಗಳಲ್ಲಿ ಅದು ರಸವತ್ತಾಗಿಯೂ ಬಂದಿದೆ. ಆದರೂ ಇಷ್ಟರಿಂದಲೇ ತೃಪ್ತಿಪಟ್ಟರೆ ರಾಣಿಯು ಎಲ್ಲ ಮತಗಳಿಂದಲೂ ಸಮದೂರದಲ್ಲಿ ನಿಂತವಳೆಂಬ ಭ್ರಾಂತಿಯುಂಟಾಗುತ್ತದೆ. ಶಾಸನಗಳು ತೋರಿಸುವ ಶಾಂತಲೆಯು ಹಾಗಿಲ್ಲ.

ಆಕೆಯು ಮೂಲಸಂಘದ ದೇಸಿಗಗಣದ ಪ್ರಭಾಚಂದ್ರಸಿದ್ಧಾಂತದೇವರ ಶಿಷ್ಯೆ. ಕ್ರಿ. ಶ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿಯನ್ನು ಕಟ್ಟಿಸಿ, ಶಾಂತಿನಾಥನನ್ನು ಪ್ರತಿಷ್ಠಿಸಿ, ಅದಕ್ಕೆ ಭೂದಾನವನ್ನು ಮಾಡಿದಳು. ಆ ಬಸದಿಗೆ ಆಕೆಯ ಬಿರುದಿನಿಂದಲೇ ‘ಸವತಿಗಂಧವಾರಣ’ವೆಂಬ ಹೆಸರಾಯಿತು. ಬಿರುದಿನ ಅರ್ಥವು ಉದ್ಧತರಾದ ಸವತಿಯರಿಗೆ ಮದಗಜಪ್ರಾಯಳು ಎಂದು. ಇದರಿಂದ ಅಂತಃಪುರದ ಕಲಹಗಳನ್ನು ಊಹಿಸುವವರು, ಪಟ್ಟದರಸಿಯ ಅಧಿಕಾರವನ್ನು ಸಾರುವ ಈ ಪದವು ಜಿನಾಲಯದ ಹೆಸರಾಗಿ ನಿಂತಿತೆಂಬುದನ್ನು ಮರೆಯುತ್ತಾರೆ. ಅರಸಿಯು ತನ್ನ ಪದವಿಯ ಗುರುತನ್ನು ತನ್ನ ದೇವನ ಮನೆಗೆ ಒಪ್ಪಿಸಿದಳೆಂದು ತಿಳಿಯುವುದೇ ಯುಕ್ತ.

ಇನ್ನೊಂದು ಕಡೆ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾದ 1117ರ ಕಾಲದಲ್ಲಿಯೇ, ಈಗ ಕಪ್ಪೆ ಚೆನ್ನಿಗರಾಯನೆನ್ನಿಸುವ ವಿಷ್ಣುಮೂರ್ತಿಯನ್ನು ಸ್ಥಾಪಿಸಿದವಳೂ ಈಕೆಯೇ. ಹಳೇಬೀಡಿನ ಅವಳಿ ಶಿವಾಲಯಗಳಲ್ಲೊಂದು ಶಾಂತಲೇಶ್ವರವೆಂದು ಪ್ರಸಿದ್ಧವಾಗಿದೆ. ಪ್ರಶಸ್ತಿಗಳು ಆಕೆಯನ್ನು ಸಮ್ಯಕ್ತ್ವಚೂಡಾಮಣಿಯೆಂದೂ ಚತುಸ್ಸಮಯಗಳನ್ನು ಉದ್ಧರಿಸಿದವಳೆಂದೂ ಹೊಗಳುತ್ತವೆ. ಮೊದಲನೆಯದು ಸ್ವಧರ್ಮದಲ್ಲಿಯ ಅಚಲಶ್ರದ್ಧೆಯನ್ನು ಹೇಳಿದರೆ, ಎರಡನೆಯದು ಪರಧರ್ಮಗಳಿಗೆ ಕೊಟ್ಟ ಆಶ್ರಯವನ್ನು ಹೇಳುತ್ತದೆ. ಹೊಗಳಿದವರಿಗೆ ಇವೆರಡರಲ್ಲಿ ವಿರೋಧವು ಕಾಣಲಿಲ್ಲ. ವ್ರತವು ಆತ್ಮಕ್ಕೆ ಸಂಬಂಧಿಸಿದುದು, ಪಾಲನೆಯು ಪಟ್ಟಕ್ಕೆ ಸಂಬಂಧಿಸಿದುದು. ಆದುದರಿಂದ ಆಕೆಯ ಔದಾರ್ಯವು ನಿಷ್ಠೆಯ ಸಡಿಲಿಕೆಯಿಂದ ಬಂದುದಲ್ಲ. ಕಾದಂಬರಿಯಲ್ಲಿ ಸಮನ್ವಯದ ಸಂಭಾಷಣೆಗಳಿಗೆ ದೊರೆತ ವಿಸ್ತಾರವು ಶ್ರಾವಿಕೆಯ ನಿತ್ಯನಿಯಮಗಳಿಗೂ ದೊರೆತಿದ್ದರೆ ಪಾತ್ರಕ್ಕೆ ಹೆಚ್ಚಿನ ಗಾಂಭೀರ್ಯವು ಬರುತ್ತಿತ್ತು.

ಅರಸನು ರಾಮಾನುಜಾಚಾರ್ಯರಿಂದ ವೈಷ್ಣವನಾದುದರಿಂದ ರಾಣಿಯು ಮನನೊಂದು ಶಿವಗಂಗೆಯ ಬೆಟ್ಟದಿಂದ ಬಿದ್ದು ಪ್ರಾಣಬಿಟ್ಟಳೆಂಬ ಜನಶ್ರುತಿಯನ್ನೂ ಇಲ್ಲಿ ಪರೀಕ್ಷಿಸತಕ್ಕದ್ದು. ರಾಣಿಯು ಗತಿಸಿದ ಮೇಲೆ, 1133ರಲ್ಲಿಯೂ, ವಿಷ್ಣುವರ್ಧನನು ಹಳೇಬೀಡಿನ ಪಾರ್ಶ್ವನಾಥನಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟು ದತ್ತಿಯನ್ನು ಬಿಟ್ಟನು. ಜಿನಧರ್ಮವನ್ನು ತೊರೆದು ಹಗೆಗೊಂಡ ಅರಸನ ನಡತೆಯಲ್ಲವಿದು. ಬೆಳಗೊಳದ ಶಾಸನವು ಶಕವರ್ಷ 1053ರ ವಿರೋಧಿಕೃತ್ ಸಂವತ್ಸರದ ಚೈತ್ರದಲ್ಲಿ, ಎಂದರೆ 1131ರಲ್ಲಿ, ಆಕೆಯು ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳೆಂದಷ್ಟೇ ಹೇಳುತ್ತದೆ. ಮಗಳ ವಿಯೋಗವನ್ನು ಸಹಿಸಲಾರದೆ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಸಂನ್ಯಸನವನ್ನು ಕೈಕೊಂಡು, ಒಂದು ತಿಂಗಳು ಉಪವಾಸವಿದ್ದು ದೇಹವನ್ನು ಬಿಟ್ಟುದನ್ನು ಅದೇ ಶಾಸನವು ವಿವರವಾಗಿ ವರ್ಣಿಸುತ್ತದೆ. ತಾಯಿಯ ವ್ರತವನ್ನು ಇಷ್ಟು ಆದರದಿಂದ ಹೇಳಿದ ಶಾಸನವು ಮಗಳ ವಿಷಯದಲ್ಲಿ ವ್ರತವನ್ನೂ ಹೇಳಲಿಲ್ಲ, ಆತ್ಮಘಾತವನ್ನೂ ಹೇಳಲಿಲ್ಲ. ಅದರ ಮೌನವನ್ನು ಯಾವ ಪಕ್ಷಕ್ಕೂ ಪ್ರಮಾಣವಾಗಿ ಎಳೆಯಲಾಗದು. ಜೈನರಾಣಿಯೊಬ್ಬಳು ಶೈವತೀರ್ಥದಲ್ಲಿ ಕಣ್ಣುಮುಚ್ಚಿದುದು ಮಾತ್ರ ಆಕೆಯ ಬಾಳಿಗೆ ಅನುಗುಣವಾಗಿಯೇ ಇದೆ.

ಪಾಠಶಾಲೆಗಳಲ್ಲಿ ಶಾಂತಲೆಯು ನೃತ್ಯಗೀತಗಳ ಪ್ರವೀಣೆಯಾಗಿಯೂ ದುಃಖಾಂತಕಥೆಯ ನಾಯಿಕೆಯಾಗಿಯೂ ಪರಿಚಿತಳು. ನಾಗರಾಜರಾಯರು ಆಕೆಗೆ ವಿವೇಕವನ್ನೂ ರಾಜ್ಯಭಾರದ ದಕ್ಷತೆಯನ್ನೂ ಕೊಟ್ಟು ಮಹೋಪಕಾರವನ್ನು ಮಾಡಿದ್ದಾರೆ. ಅಧ್ಯಾಪಕರು ಕಾದಂಬರಿಯ ಜೊತೆಯಲ್ಲಿ ಬೆಳಗೊಳದ ಈ ಶಾಸನಗಳನ್ನೂ ಓದಿಸಿದರೆ, ಕಾದಂಬರಿಯು ಸ್ವಲ್ಪದರಲ್ಲಿ ಮುಗಿಸಿದ ವ್ರತನಿಷ್ಠೆಯೂ ವಿದ್ಯಾರ್ಥಿಗಳಿಗೆ ಗೋಚರವಾಗುವುದು.