ನನ್ನ ಕಂಪ್ಯೂಟರಿನಲ್ಲಿ ನನಗೇ ಪ್ರವೇಶವಿಲ್ಲ

ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟಿರೋ ನಮ್ಮ ಚಿಕ್ಕಪ್ಪ ಫೋನ್ ಮಾಡಿದ್ರು. "ದುಡ್ಡು ಕೊಟ್ಟು ತಗೊಂಡೋನು ನಾನು. ನನ್ನ ಕಂಪ್ಯೂಟರು ನನಗೇ ಒಳಗೆ ಬರಬೇಡ ಅಂತಿದೆಯಲ್ಲೋ?"

ಅಡಗಿಸಿಟ್ಟ ಫೈಲುಗಳನ್ನೆಲ್ಲ ತೋರಿಸು ಅಂತ ಟಿಕ್ ಹಾಕಿದ್ದಾರೆ. ಸಿ ಡ್ರೈವಿನಲ್ಲಿ 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ಮಸುಕಾಗಿ ಕಂಡಿದೆ. ಕ್ಲಿಕ್ ಮಾಡಿದರೆ 'ಆಕ್ಸೆಸ್ ಈಸ್ ಡಿನೈಡ್'. ಎಕ್ಸ್‌ಪಿ ಕಾಲದಲ್ಲಿ ಅವರ ಫೋಟೋಗಳು ಇರ್ತಿದ್ದದ್ದೇ ಅದರೊಳಗೆ. ಹಳೇ ಮದುವೆಗಳ ಫೋಟೋ ಅಲ್ಲೇ ಸಿಕ್ಕಿಕೊಂಡಿವೆ ಅಂತ ಅವರ ಲೆಕ್ಕ.

ಆದರೆ ಅದು ಫೋಲ್ಡರೇ ಅಲ್ಲ. ವಿಸ್ಟಾದಿಂದೀಚೆಗೆ ನಮ್ಮ ಫೈಲುಗಳಿರೋದು 'ಯೂಸರ್ಸ್' ಅನ್ನೋದರಲ್ಲಿ. ಹಳೇ ವಿಳಾಸ ಹುಡುಕಿಕೊಂಡು ಬರುವ ಹಳೇ ಪ್ರೋಗ್ರಾಂಗಳಿಗಾಗಿ ಅಲ್ಲೊಂದು ಕೈಮರ ನೆಟ್ಟಿದ್ದಾರೆ, ಜಂಕ್ಷನ್ ಅಂತ ಅದರ ಹೆಸರು. ಬಳಕೆದಾರರ ಫೋಲ್ಡರಿನೊಳಗೂ ಇಂಥವು ಬೇಕಾದಷ್ಟಿವೆ. 'ಆಪ್‌ಡೇಟಾ'ದ 'ಲೋಕಲ್' ಒಳಗಿನ 'ಅಪ್ಲಿಕೇಶನ್ ಡೇಟಾ' ಅಂತೂ ತಿರುಗಿ 'ಲೋಕಲ್'ಗೇ ಕೈ ತೋರಿಸುತ್ತೆ. ಒಳಗೆ ಹೋದರೆ ಮತ್ತೆ ಅದೇ ಮನೆ, ಅದೇ ಬಾಗಿಲು. ಹಾಗಾಗಬಾರದು ಅಂತಲೇ ಒಳಗಿನ ಪಟ್ಟಿ ಯಾರೂ ನೋಡದ ಹಾಗೆ 'ಡಿನೈ' ಅನ್ನೋ ಒಂದು ಸಾಲು ಹಾಕಿರೋದು.

ಒಳ್ಳೆ ಕಾರಣವೇ. ಅದನ್ನ ಹೇಳೋಕೆ ಏನು ಧಾಡಿ? 'ನಿಮ್ಮ ಫೈಲುಗಳು ಯೂಸರ್ಸ್‌ನಲ್ಲಿವೆ' ಅಂತ ಒಂದು ಸಾಲು ಬರೆದಿದ್ದರೆ ಚಿಕ್ಕಪ್ಪ ನನಗೆ ಫೋನೇ ಮಾಡ್ತಿರಲಿಲ್ಲ. ಕೆಲವು ಫೋಲ್ಡರುಗಳಲ್ಲಿ 'ಕಂಟಿನ್ಯೂ' ಬಟನ್ ಬರುತ್ತಲ್ಲ, ಅದರ ಮೇಲಿನ ಸಾಲಲ್ಲಿ 'ಪರ್ಮನೆಂಟ್ಲಿ' ಅಂತಿರುತ್ತೆ. ಒಂದ್ಸಲ ಇಣುಕೋಕೆ ಕೇಳಿದವರ ಹೆಸರನ್ನ ಶಾಶ್ವತವಾಗಿ ಪಟ್ಟಿಗೆ ಸೇರಿಸಿಬಿಡುತ್ತೆ. ಆ ಪದ ಓದಿ ಕ್ಲಿಕ್ ಮಾಡಿದವರನ್ನ ನಾನಂತೂ ನೋಡಿಲ್ಲ. (ನಾನೂ ಓದಿರಲಿಲ್ಲ.)

ಇದಕ್ಕಿಂತ ಕೆಟ್ಟದ್ದು ಎಲ್ಲರೂ ಹಂಚೋ ಮದ್ದು. ರೈಟ್ ಕ್ಲಿಕ್ ಮೆನುವಿಗೆ 'ಟೇಕ್ ಓನರ್‌ಶಿಪ್' ಸೇರಿಸಿಕೊಳ್ಳೋದು. ಒತ್ತಿದರೆ ಹಿಂದೆ ಟೇಕ್‌ಓನ್, ಐಕ್ಯಾಕಲ್ಸ್ ಅನ್ನೋ ಎರಡು ಕಮಾಂಡ್ ಓಡುತ್ತವೆ. ಪಕ್ಕದ ತೋಟದಲ್ಲಿ ಏನಿದೆ ಅಂತ ನೋಡೋಕೆ ಪಹಣೀನೇ ನಮ್ಮ ಹೆಸರಿಗೆ ಮಾಡಿಸ್ಕೊಂಡ ಹಾಗೆ. ಸಿಸ್ಟಮ್ ಫೈಲುಗಳು ಟ್ರಸ್ಟೆಡ್‌ಇನ್‌ಸ್ಟಾಲರ್ ಹೆಸರಲ್ಲಿರೋದು, ಅಡ್ಮಿನಿಸ್ಟ್ರೇಟರ್ ಆಗಿ ಓಡ್ತಿರೋ ಯಾವುದೋ ಹಾಳು ಪ್ರೋಗ್ರಾಂ ಅವನ್ನ ಸುಲಭಕ್ಕೆ ಬದಲಿಸಬಾರದು ಅಂತ. ಮಾಲೀಕತ್ವ ಕಿತ್ತುಕೊಂಡರೆ ಆ ಬೇಲಿ ಹೋಯ್ತು. ಕಿತ್ತುಕೊಳ್ಳೋದನ್ನ ಹೇಳಿಕೊಡೋರು ವಾಪಸ್ ಕೊಡೋದನ್ನ ಹೇಳಲ್ಲ.

ಮಾಲೀಕತ್ವ ತಗೋಬೇಕಾದ ಸಂದರ್ಭವೂ ಇದೆ. ಕೆಟ್ಟ ಕಂಪ್ಯೂಟರಿಂದ ಬಿಚ್ಚಿದ ಹಾರ್ಡ್ ಡಿಸ್ಕಿನಲ್ಲಿ ನಮ್ಮದೇ ಫೋಲ್ಡರ್ ತೆರೆಯದಿದ್ದರೆ ತಗೊಳ್ಳಿ. ಅದರ ಹಳೇ ಮಾಲೀಕ ಈ ಯಂತ್ರಕ್ಕೆ ಗೊತ್ತೇ ಇಲ್ಲ.

ಚಿಕ್ಕಪ್ಪನ ಕಥೆ ಅಷ್ಟಕ್ಕೇ ಮುಗಿದಿರಲಿಲ್ಲ. ನನಗೆ ಫೋನ್ ಮಾಡೋ ಮೊದಲೇ ಪೇಟೆಯ ಹುಡುಗನೊಬ್ಬ ಬಂದು ಕಂಡಕಂಡ ಕಡೆ 'ಡಿನೈ' ಸಾಲು ಅಳಿಸಿ ಹೋಗಿದ್ದ. ಅವತ್ತು ರಾತ್ರಿ ಹಳೇ ಬ್ಯಾಕಪ್ ಪ್ರೋಗ್ರಾಂ 'ಅಪ್ಲಿಕೇಶನ್ ಡೇಟಾ'ದೊಳಗೆ ಅದನ್ನೇ ಮತ್ತೆ ಮತ್ತೆ ಕಾಪಿ ಮಾಡಿ ಹೊರಗಿನ ಡಿಸ್ಕ್ ತುಂಬಿಸಿತ್ತು. ಆ ವಾರದ ಎರಡು ಮದುವೆಯ ಫೋಟೋಗಳಿಗೆ ಜಾಗವೇ ಇರಲಿಲ್ಲ. ಪುಣ್ಯಕ್ಕೆ ಕ್ಯಾಮೆರಾ ಕಾರ್ಡ್ ಇನ್ನೂ ಅಳಿಸಿರಲಿಲ್ಲ.

ವಿಂಡೋಸ್ ಫೋಲ್ಡರಿನ ಮಾಲೀಕತ್ವವನ್ನೂ ಆ ಹುಡುಗ ಬದಲಿಸಿದ್ದ. ಓನರ್ ಜಾಗದಲ್ಲಿ ಪೂರ್ತಿ ಹೆಸರು ಟೈಪ್ ಮಾಡಬೇಕು ಅಂತ ಫೋನಿನಲ್ಲೇ ಒಂದೊಂದೇ ಅಕ್ಷರ ಹೇಳಿದೆ: ಎನ್‌ಟಿ, ಸ್ಪೇಸ್, ಸರ್ವಿಸ್, ಬ್ಯಾಕ್‌ಸ್ಲ್ಯಾಶ್, ಟ್ರಸ್ಟೆಡ್‌ಇನ್‌ಸ್ಟಾಲರ್, ನಡುವೆ ಜಾಗ ಬಿಡಬೇಡಿ.

"ಯಾರೋ ಅವನು?" ಅಂದ್ರು ಚಿಕ್ಕಪ್ಪ.