ದಿ ವಿತ್ತೋರಿಯೊ ಹಾಕಿಕೊಟ್ಟ ಮೇಲ್ಪಂಕ್ತಿ

1920ರ ಕ್ರಿಸ್‌ಮಸ್ ಸಮಯ. ದಕ್ಷಿಣ ಇಟಲಿಯ ಚೆರಿನ್ಯೋಲಾದ ದೊಡ್ಡ ಜಮೀನ್ದಾರ ಪಾವೊನ್ಚೆಲ್ಲಿಯ ಎಸ್ಟೇಟಿನಿಂದ ಕೂಲಿಕಾರರ ಮುಖಂಡನೊಬ್ಬನ ಮನೆಗೆ ಹಬ್ಬದ ಉಡುಗೊರೆ ಬಂತು. ಮುಖಂಡ ಅದನ್ನು ವಾಪಸು ಕಳಿಸಿ, ಜೊತೆಗೊಂದು ವಿನಯದ ಪತ್ರ ಬರೆದ. ಮನಸ್ಸು ಶುದ್ಧವಾಗಿದ್ದರೆ ಸಾಲದು, ತನ್ನನ್ನು ನಂಬಿದ ಕೂಲಿಕಾರರ ಕಣ್ಣಿಗೂ ಅದು ಹಾಗೆಯೇ ಕಾಣಬೇಕು ಎಂಬುದು ಆ ಪತ್ರದ ತಾತ್ಪರ್ಯ. ಬರೆದವನು ಜುಸೆಪ್ಪೆ ದಿ ವಿತ್ತೋರಿಯೊ. ಮರುವರ್ಷ ಜೈಲಿನಲ್ಲಿದ್ದಾಗಲೇ ಆತ ಸಂಸತ್ತಿಗೆ ಆರಿಸಿಬಂದ.

ಯೂನಿಯನ್ನಿನಿಂದ ರಾಜಕೀಯಕ್ಕೆ ಹೋದವರು ಇಟಲಿಯಲ್ಲಿ ಬಹಳ. ಆ ಪರಂಪರೆಯನ್ನು ಅವರು ಏರಿದ ಪದವಿಗಳಿಂದ ಅಳೆಯುವುದು ವಾಡಿಕೆ. ಸ್ವಂತ ಪಕ್ಷದ ಎದುರು ಅವರು ಎಷ್ಟು ಗಟ್ಟಿಯಾಗಿ ನಿಂತರು ಎಂಬುದೇ ನನ್ನ ಅಳತೆಗೋಲು. ಆ ಲೆಕ್ಕಕ್ಕೆ ದಿ ವಿತ್ತೋರಿಯೊನನ್ನು ಸರಿಗಟ್ಟುವವರು ಕಡಿಮೆ.

1892ರಲ್ಲಿ ಕೃಷಿಕೂಲಿಗಳ ಮನೆಯಲ್ಲಿ ಹುಟ್ಟಿದವನು. ಅಪ್ಪ ಬೇಗ ತೀರಿಕೊಂಡದ್ದರಿಂದ ಬಾಲ್ಯದಲ್ಲೇ ಶಾಲೆ ಬಿಟ್ಟು ಹೊಲಕ್ಕಿಳಿದ. ಓದು ಬರಹ ಸ್ವಂತ ದುಡಿಮೆ. 1922ರಲ್ಲಿ ಬಾರಿ ನಗರದ ಕಾರ್ಮಿಕ ಭವನವನ್ನು ಫ್ಯಾಸಿಸ್ಟರಿಂದ ಕಾಯ್ದ. ಮುಂದೆ ಫ್ರಾನ್ಸಿನಲ್ಲಿ ದೇಶಭ್ರಷ್ಟ ಬದುಕು, ಸ್ಪೇನಿನ ಅಂತರ್ಯುದ್ಧ, ವೆಂತೊತೆನೆ ದ್ವೀಪದ ಬಂಧನ. 1944ರ ಜೂನ್‌ನಲ್ಲಿ ಕಮ್ಯುನಿಸ್ಟ್, ಸಮಾಜವಾದಿ, ಕ್ಯಾಥೊಲಿಕ್ ಕಾರ್ಮಿಕರನ್ನು ಒಂದೇ ಸಂಘಟನೆಯಡಿ ತಂದ ರೋಮ್ ಒಪ್ಪಂದಕ್ಕೆ ಕಮ್ಯುನಿಸ್ಟರ ಪರವಾಗಿ ಆತ ಸಹಿ ಹಾಕಿದ. ಸಮಾಜವಾದಿಗಳ ಪರ ಸಹಿ ಹಾಕಬೇಕಿದ್ದ ಬ್ರೂನೊ ಬುವೊಟ್ಸಿಯನ್ನು ನಾಜಿಗಳು ಅದೇ ದಿನಗಳಲ್ಲಿ ಕೊಂದಿದ್ದರು. ಹೀಗೆ ಹುಟ್ಟಿದ ಸಿಜಿಐಎಲ್ ಕಾರ್ಮಿಕ ಒಕ್ಕೂಟ ನಾಲ್ಕೇ ವರ್ಷಕ್ಕೆ ಒಡೆಯಿತು. 1948ರ ಜುಲೈ 14ರಂದು ಕಮ್ಯುನಿಸ್ಟ್ ಪಕ್ಷದ ನಾಯಕ ತೊಲ್ಯಾತ್ತಿ ಮೇಲೆ ಗುಂಡು ಹಾರಿತು, ಸಾರ್ವತ್ರಿಕ ಮುಷ್ಕರವಾಯಿತು, ಕ್ಯಾಥೊಲಿಕ್ ನಾಯಕರು ಹೊರನಡೆದರು.

ದಿ ವಿತ್ತೋರಿಯೊನ ನಿಜವಾದ ಕಸುವು ಕಾಣುವುದು ಸೋಲಿನಲ್ಲಿ. 1955ರಲ್ಲಿ ಫಿಯಟ್ ಕಾರ್ಖಾನೆಯ ಆಂತರಿಕ ಸಮಿತಿ ಚುನಾವಣೆಯಲ್ಲಿ ಸಿಜಿಐಎಲ್‌ನ ಲೋಹ ಕಾರ್ಮಿಕರ ಯೂನಿಯನ್ ಬಹುಮತ ಕಳೆದುಕೊಂಡಿತು. ಆಡಳಿತವರ್ಗದ ಬೆದರಿಕೆ, ವಜಾಗಳು ಕಣ್ಣೆದುರಿಗೇ ಇದ್ದವು. ಸೋಲಿನ ಹೊಣೆಯನ್ನು ಅವುಗಳ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಹುದಿತ್ತು. ಆತ ಹಾಗೆ ಮಾಡದೆ, ಕಾರ್ಖಾನೆಯ ವಿಭಾಗಗಳೊಳಗೆ ಕೆಲಸದ ರೀತಿ, ಕೂಲಿಯ ಲೆಕ್ಕ ಬದಲಾದದ್ದನ್ನು ನಾವು ಗಮನಿಸಲೇ ಇಲ್ಲ ಎಂದು ತನ್ನ ಸಂಘಟನೆಯ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡ. ಮರುವರ್ಷ ಹಂಗೆರಿಯ ಬಂಡಾಯದ ಪ್ರಶ್ನೆ ಬಂತು. ಅಕ್ಟೋಬರ್ 27ರಂದು ಆತನ ನೇತೃತ್ವದ ಸಿಜಿಐಎಲ್ ಸೋವಿಯತ್ ಸೇನೆಯ ಮಧ್ಯಪ್ರವೇಶವನ್ನು ಖಂಡಿಸಿತು. ಕಮ್ಯುನಿಸ್ಟ್ ಪಕ್ಷ ಕೆಂಡವಾಯಿತು. ದಿ ವಿತ್ತೋರಿಯೊ ಒತ್ತಡಕ್ಕೆ ಮಣಿದು ದನಿ ತಗ್ಗಿಸಿದ್ದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಡಿಸೆಂಬರಿನ ಪಕ್ಷ ಮಹಾಧಿವೇಶನದಲ್ಲಿ, ಯೂನಿಯನ್ ಎಂದರೆ ಪಕ್ಷದ ಆಜ್ಞೆಯನ್ನು ಕೆಳಗೆ ಮುಟ್ಟಿಸುವ ಯಂತ್ರ ಎಂಬ ಹಳೆಯ ಸಿದ್ಧಾಂತವನ್ನು ಎದ್ದು ನಿಂತು ತಳ್ಳಿಹಾಕಿದವನೂ ಆತನೇ. 1957ರ ನವೆಂಬರ್ 3ರಂದು ಲೆಕ್ಕೊದಲ್ಲಿ ಯೂನಿಯನ್ ಕಾರ್ಯಕರ್ತರನ್ನು ಕಂಡ ಮೇಲೆ ತೀರಿಕೊಂಡ.

ಕಾರ್ಖಾನೆಯ ಗೇಟಿನೊಳಗೂ ಸಂವಿಧಾನ ಜಾರಿಯಲ್ಲಿರಬೇಕು ಎಂದು 1952ರಲ್ಲಿ ಸಿಜಿಐಎಲ್‌ನ ನೇಪಲ್ಸ್ ಮಹಾಧಿವೇಶನದಲ್ಲಿ ಆತ ಇಟ್ಟ ಬೇಡಿಕೆ ಕಾನೂನಾದದ್ದು 1970ರ ಮೇ 20ರಂದು. ಅದನ್ನು ರೂಪಿಸಲು ಹೊರಟ ಸಚಿವ ಜಾಕೊಮೊ ಬ್ರೊದೊಲಿನಿ ಸಮಾಜವಾದಿ, ಸಿಜಿಐಎಲ್‌ನ ಮಾಜಿ ಮುಖಂಡ. 1969ರ ಜುಲೈನಲ್ಲಿ ತೀರಿಕೊಂಡ. ದಡ ಮುಟ್ಟಿಸಿದ ಕಾರ್ಲೊ ದೊನಾತ್ ಕಾತ್ತಿನ್ ಕ್ಯಾಥೊಲಿಕ್ ಯೂನಿಯನ್ನಿನಿಂದ ಬಂದವನು. ಕಮ್ಯುನಿಸ್ಟ್ ಪಕ್ಷ ಮತದಾನದಲ್ಲಿ ತಟಸ್ಥವಾಗಿ ಕೂತಿತು! ಈ ಪರಂಪರೆಯ ಅತ್ಯುತ್ತಮ ಫಲ ಈ ಕಾನೂನೇ, ಸಂಶಯವಿಲ್ಲ.

ಯೂನಿಯನ್ ಹುದ್ದೆ, ಸಂಸತ್ ಸದಸ್ಯತ್ವ ಎರಡನ್ನೂ ಒಬ್ಬರೇ ಹೊಂದಬಾರದೆಂದು 1969ರಲ್ಲಿ ಸಿಜಿಐಎಲ್ ತೀರ್ಮಾನಿಸಿತ್ತು. ಯೂನಿಯನ್ನಿನ ಸ್ವಾತಂತ್ರ್ಯಕ್ಕೆ ಅದು ಬೇಕಿತ್ತು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು: ಅಲ್ಲಿಂದ ಮುಂದೆ ಸಂಸತ್ತು ನಾಯಕರಿಗೆ ನಿವೃತ್ತಿಯ ನಂತರದ ಮನೆಯಾಯಿತು. ಲುಚಾನೊ ಲಾಮಾ 16 ವರ್ಷ ಒಕ್ಕೂಟ ನಡೆಸಿ, ಆಮೇಲೆ ಸೆನೆಟ್‌ನ ಉಪಾಧ್ಯಕ್ಷ. ಸಿಜಿಐಎಲ್ ನಾಯಕ ಬ್ರೂನೊ ತ್ರೆಂತಿನ್ 1992ರ ಜುಲೈ 31ರಂದು ತುಟ್ಟಿಭತ್ಯೆ ರದ್ದುಮಾಡುವ ಒಪ್ಪಂದಕ್ಕೆ ಸಹಿ ಹಾಕಿದ, ಕೂಡಲೇ ರಾಜೀನಾಮೆ ಕೊಟ್ಟ. ಆತನ ಬಗ್ಗೆ ನನಗೆ ಗೌರವವಿದೆ, ಆ ಸಹಿಯ ಬಗ್ಗೆ ಇಲ್ಲ. ಮುಂದಿನ ನಾಯಕ ಸೆರ್ಜೊ ಕೊಫೆರಾತಿ 2002ರ ಮಾರ್ಚ್ 23ರಂದು ರೋಮಿನ ಚಿರ್ಕೊ ಮಾಸ್ಸಿಮೊ ಮೈದಾನ ತುಂಬಿಸಿ 1970ರ ಕಾನೂನಿನ 18ನೇ ವಿಧಿಯನ್ನು ಉಳಿಸಿಕೊಂಡ. ಅಕಾರಣ ವಜಾ ಆದವರನ್ನು ಮರಳಿ ಕೆಲಸಕ್ಕೆ ಸೇರಿಸಬೇಕೆನ್ನುವ ವಿಧಿ ಅದು. ದೇಶದ ಎಡಪಕ್ಷಗಳನ್ನೇ ಮುನ್ನಡೆಸುತ್ತಾನೆಂದು ಜನ ಕಾದಿದ್ದರು. ಆತ ಬೊಲೊನ್ಯಾದ ಮೇಯರ್ ಆದ.

2006ರಲ್ಲಿ ಎರಡೂ ಸದನಗಳ ಪೀಠದಲ್ಲಿ ಮಾಜಿ ಯೂನಿಯನ್ ನಾಯಕರೇ ಇದ್ದರು: ಕೆಳಮನೆಯಲ್ಲಿ ಬೆರ್ತಿನೊತ್ತಿ, ಸೆನೆಟ್‌ನಲ್ಲಿ ಮರೀನಿ. ಎರಡೇ ವರ್ಷಕ್ಕೆ ಬೆರ್ತಿನೊತ್ತಿ ಮುಂದಾಳತ್ವದ ಎಡ ಕೂಟಕ್ಕೆ ಒಂದೂ ಸ್ಥಾನ ದಕ್ಕಲಿಲ್ಲ. 2015ರಲ್ಲಿ, ಹಳೆಯ ಕಮ್ಯುನಿಸ್ಟರ ವಾರಸುದಾರಿಕೆಯೂ ಇದ್ದ ಡೆಮಾಕ್ರಟಿಕ್ ಪಕ್ಷದ ಸರ್ಕಾರವೇ, ಹೊಸದಾಗಿ ನೇಮಕವಾಗುವವರ ಪಾಲಿಗೆ 18ನೇ ವಿಧಿಯ ರಕ್ಷಣೆಯನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಪಕ್ಷದೊಳಗೆ ನಿಂತು ಅದನ್ನು ತಡೆಯಬಲ್ಲ ಆಳು ಇರಲಿಲ್ಲ. ಕೊನೆಗೆ 2025ರ ಜೂನ್‌ನಲ್ಲಿ ಸಿಜಿಐಎಲ್ ತಾನೇ ಇದರ ವಿರುದ್ಧ ಜನಮತಗಣನೆಗೆ ಹೋಯಿತು. ಸಿಂಧುವಾಗಲು ಅರ್ಧಕ್ಕಿಂತ ಹೆಚ್ಚು ಮತದಾರರು ಬರಬೇಕಿತ್ತು, ಬಂದವರು ಶೇ. 30ರ ಆಸುಪಾಸು.